ದುಬೈ, ಅಬುಧಾಬಿಗಳ ಕನ್ನಡ ತಾಯ್ತಂದೆಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ತಾಯಂದಿರೇ, ತಂದೆಯವರೇ,

ದುಬೈಯ ಕರಾಮಾದಲ್ಲಿಯೂ ಅಲ್ ಕುಸೈಸಿನಲ್ಲಿಯೂ, ಅಬುಧಾಬಿಯ ಹಮ್ದಾನ್ ಬೀದಿಯ ಮೇಲಂತಸ್ತುಗಳಲ್ಲಿಯೂ ಮುಸಫ್ಫಾದ ಹೊಸ ಬಡಾವಣೆಗಳಲ್ಲಿಯೂ ಎಳೆಯ ಮಕ್ಕಳನ್ನು ಸಾಕಿ ಸಲಹುತ್ತಿರುವ ನಿಮಗೆ, ಈ ದೇಶದ ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಬಹುಕಾಲ ದುಡಿದು ಈಗ ವಿಶ್ರಾಂತಿಯಲ್ಲಿರುವ ಕರಾವಳಿಯ ಕನ್ನಡಿಗನೊಬ್ಬನ ವಂದನೆಗಳು. ನಾನು ವೈದ್ಯನಲ್ಲ, ರೋಗಿಗಳ ರಕ್ತ, ಮೂತ್ರ, ಮಲ ಮೊದಲಾದವುಗಳನ್ನು ಪೆಟ್ರಿ ತಟ್ಟೆಗಳ ಮೇಲೆ ಬಿತ್ತಿ, ಮರುದಿನ ಅಲ್ಲಿ ಮೂಡಿದ ಸೂಕ್ಷ್ಮಜೀವಿಗಳ ಗುರುತು ಹಚ್ಚಿ ವೈದ್ಯರಿಗೆ ವರದಿ ಒಪ್ಪಿಸುವುದು ನನ್ನ ವೃತ್ತಿಯಾಗಿತ್ತು. ಆ ವೃತ್ತಿಯಲ್ಲಿ ಕಣ್ಣಾರೆ ಕಂಡುದನ್ನೂ ಅದರ ಜೊತೆಜೊತೆಗೆ ಓದಿ ತಿಳಿದುದನ್ನೂ ಆಧಾರವಾಗಿ ಇಟ್ಟುಕೊಂಡು, ನಿಮ್ಮ ಮಕ್ಕಳ ಕರುಳಿನಲ್ಲಿ ನೆಲೆಸಿರುವ ಉಪಕಾರಿ ಜೀವಿಗಳ ಪರವಾಗಿ ನಿಮ್ಮೊಡನೆ ನಾಲ್ಕು ಮಾತನಾಡಬೇಕೆಂದು ಈ ಪತ್ರವನ್ನು ಬರೆಯುತ್ತಿದ್ದೇನೆ.

ಪರದೇಶದಲ್ಲಿದ್ದರೂ ಮಕ್ಕಳು ತಾಯ್ನುಡಿಯನ್ನು ಮರೆಯಬಾರದೆಂದು ರಜಾದಿನದ ವಿಶ್ರಾಂತಿಯನ್ನು ಬಿಟ್ಟು ಅವರನ್ನು ಕನ್ನಡ ಪಾಠಶಾಲೆಗೆ ಕರೆದುಕೊಂಡು ಹೋಗುವ ತಂದೆತಾಯಿಗಳು ನೀವು. ಆ ಶ್ರದ್ಧೆಯನ್ನು ಕಂಡು ನನಗೆ ಎಷ್ಟೋ ಸಲ ಹೃದಯ ತುಂಬಿ ಬಂದಿದೆ. ನುಡಿಯಂತೆಯೇ ತಾಯಿಯಿಂದ ಮಗುವಿಗೆ ಇಳಿದು ಬರುವ, ನುಡಿಯಂತೆಯೇ ಒಂದು ತಲೆಮಾರಿನ ಅಲಕ್ಷ್ಯದಿಂದ ಕ್ಷೀಣಿಸಬಲ್ಲ ಇನ್ನೊಂದು ಬಳುವಳಿಯೂ ನಿಮ್ಮ ಮನೆಯಲ್ಲಿದೆ. ಅದನ್ನು ಕಾಯುವ ಕಾರ್ಯವು ಬಹುಮಟ್ಟಿಗೆ ನಿಮ್ಮ ಅಡುಗೆಮನೆಯಲ್ಲಿಯೂ ನಿಮ್ಮ ಔಷಧದ ಪೆಟ್ಟಿಗೆಯಲ್ಲಿಯೂ ಇದೆಯೆಂಬುದೇ ನಾನು ಹೇಳಹೊರಟಿರುವ ವಿಷಯ.

ಭೇದಿಯಿಂದ ನರಳುವ ಮಗುವಿನ ಮಲವು ನಮ್ಮ ಮೇಜಿಗೆ ಬಂದಾಗ ನಾವು ಹುಡುಕುತ್ತಿದ್ದುದು ಸಾಲ್ಮೊನೆಲ್ಲ, ಶಿಗೆಲ್ಲ ಮುಂತಾದ ಕೆಲವೇ ಶತ್ರುಗಳನ್ನು. ಮ್ಯಾಕಾಂಕಿ ಎಂಬ ಮಾಧ್ಯಮವನ್ನು ಹೊಯ್ದ ತಟ್ಟೆಯ ಮೇಲೆ ಬೆಳಗಾಗುವುದರೊಳಗಾಗಿ ಗುಲಾಬಿ ಬಣ್ಣದ ಚುಕ್ಕಿಗಳು ಒತ್ತೊತ್ತಾಗಿ ಮೂಡಿರುತ್ತಿದ್ದವು. ಅವು ಸಾಮಾನ್ಯವಾಗಿ ಎಲ್ಲರ ಕರುಳಿನಲ್ಲಿಯೂ ಇರುವ ಇ. ಕೋಲಿ ಜೀವಿಗಳು. 1885ರಲ್ಲಿ ಮ್ಯೂನಿಕ್ ನಗರದಲ್ಲಿ ಥಿಯೋಡರ್ ಎಷರಿಕ್ ಎಂಬ ಮಕ್ಕಳ ವೈದ್ಯನು ಎಳೆಗೂಸುಗಳ ಮಲದಲ್ಲಿ ಅವನ್ನು ಕಂಡು ವರ್ಣಿಸಿದನಾದುದರಿಂದ ಅವುಗಳ ಹೆಸರಿನ ‘ಇ’ ಅಕ್ಷರದಲ್ಲಿ ಇಂದಿಗೂ ಆತನ ಹೆಸರೇ ನಿಂತಿದೆ. ಶತ್ರುವು ಕಾಣಸಿಗದಿದ್ದರೆ "ರೋಗಕಾರಕ ಜೀವಿಗಳು ಬೆಳೆದಿಲ್ಲ" ಎಂದು ಬರೆದು, ತಟ್ಟೆಯನ್ನು ಉಗಿಯಲ್ಲಿ ಶುದ್ಧಿಮಾಡಿ ಎಸೆಯುವುದು ನಿಯಮ. ಕರುಳಿನ ಪ್ರಜೆಗಳಲ್ಲಿ ಬಹುಪಾಲು ಗಾಳಿ ಸೋಕಿದರೆ ಸಾಯುವಂಥವು. ಅವು ನಮ್ಮ ತಟ್ಟೆಗಳ ಮೇಲೆ ಮೊಳೆಯುತ್ತಲೇ ಇರಲಿಲ್ಲ. ಜೀವಿಗಳನ್ನು ಬೆಳೆಸದೆಯೇ ಅವುಗಳ ಆನುವಂಶಿಕ ಲಿಪಿಯನ್ನು ಓದುವ ಉಪಾಯವು ಈಚಿನ ದಶಕಗಳಲ್ಲಿ ಸುಲಭವಾದ ಮೇಲಷ್ಟೆ ಆ ಅದೃಶ್ಯ ಸಮುದಾಯದ ವಿಸ್ತಾರವು ಮನುಷ್ಯನ ಅರಿವಿಗೆ ಬಂದಿತು.

ಆ ವಿಸ್ತಾರವಾದರೂ ಎಷ್ಟು! ಎಪ್ಪತ್ತು ಕಿಲೊ ತೂಗುವ ಮನುಷ್ಯನೊಬ್ಬನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆಯೆಂದೂ, ಅವುಗಳಲ್ಲಿ ಬಹುತೇಕ ಎಲ್ಲವೂ ದೊಡ್ಡ ಕರುಳಿನಲ್ಲಿಯೇ ವಾಸಿಸುತ್ತವೆಯೆಂದೂ, ಎಲ್ಲವನ್ನೂ ಒಟ್ಟುಗೂಡಿಸಿದರೆ ತೂಕವು ಇನ್ನೂರು ಗ್ರಾಮಿನಷ್ಟು ಆಗುವುದೆಂದೂ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಲೆಕ್ಕಹಾಕಿದರು. ನಮ್ಮವೇ ಆದ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಸೂಕ್ಷ್ಮಜೀವಿಗಳು ನಮ್ಮ ಕೋಶಗಳಿಗಿಂತ ಹತ್ತು ಪಟ್ಟು ಹೆಚ್ಚೆಂದು ಬಹುಕಾಲದಿಂದ ಪುಸ್ತಕಗಳಲ್ಲಿ ನಡೆದುಬಂದಿದ್ದ ಮಾತನ್ನು ಈ ಲೆಕ್ಕವು ತಿದ್ದಿತು. ಆದರೂ ಹೆಚ್ಚುಕಡಮೆ ಸರಿಸಮಾನವೆಂಬ ಸಂಗತಿಯೇ ಸಾಕಷ್ಟು ದೊಡ್ಡದಲ್ಲವೇ?

ಇವುಗಳ ದುಡಿಮೆ ಎಂಥದೆಂದರೆ, ನಾವು ತಿಂದ ಕಾಳು, ಸೊಪ್ಪು, ತರಕಾರಿಗಳ ನಾರನ್ನು ಜೀರ್ಣಿಸುವ ಶಕ್ತಿಯು ನಮ್ಮ ಜಠರಕ್ಕಾಗಲಿ ಸಣ್ಣ ಕರುಳಿಗಾಗಲಿ ಇಲ್ಲವಾದುದರಿಂದ ಅದು ಹಾಗೆಯೇ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿ ಈ ಜೀವಿಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಮೊದಲಾದ ಕಿರಿಯ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳು ತಮಗೆ ಬೇಕಾದ ಚೈತನ್ಯದ ಬಹುಪಾಲನ್ನು ರಕ್ತದಿಂದಲ್ಲದೆ ಈ ಬ್ಯುಟಿರೇಟಿನಿಂದಲೇ ಪಡೆಯುತ್ತವೆ. ನಾರನ್ನು ಉಣ್ಣದ ಮಗುವು, ಹೊಟ್ಟೆ ತುಂಬಿದ್ದರೂ, ತನ್ನ ಕರುಳಿನ ಗೋಡೆಗೆ ಅನ್ನವಿಕ್ಕಿದಂತೆ ಆಗುವುದಿಲ್ಲ. ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ನಾರು ದೊರೆಯದ ಜೀವಿಗಳು ಕರುಳನ್ನು ಕಾಪಾಡುವ ಲೋಳೆಯ ಪದರವನ್ನೇ ತಿನ್ನತೊಡಗುವುದೂ ಕಂಡುಬಂದಿದೆ. ಇವಲ್ಲದೆ ಕೆ ಜೀವಸತ್ವವನ್ನೂ ಫೋಲೇಟನ್ನೂ ಅವು ತಯಾರಿಸುತ್ತವೆ. ಯಾವ ಜೀವಿಯು ಸ್ನೇಹಿತ, ಯಾವುದು ವೈರಿ ಎಂಬ ವಿವೇಕವನ್ನು ಶಿಶುವಿನ ರೋಗನಿರೋಧಕ ವ್ಯವಸ್ಥೆಯು ಕಲಿಯುವುದೂ ಇವುಗಳ ಸಹವಾಸದಿಂದಲೇ.

ಇನ್ನೊಂದು ಉಪಕಾರವು, ಜಾಗವನ್ನು ತಾವು ತುಂಬಿಕೊಂಡು ಪರಕೀಯರಿಗೆ ಎಡೆಗೊಡದಿರುವುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಸೈನಿಕರೆಲ್ಲ ರಕ್ತಭೇದಿಯಿಂದ ನರಳುತ್ತಿದ್ದ ಒಂದು ರಣರಂಗದಲ್ಲಿ ಒಬ್ಬ ಸೈನಿಕನು ಮಾತ್ರ ಸ್ವಸ್ಥನಾಗಿ ಉಳಿದುದನ್ನು ಆಲ್ಫ್ರೆಡ್ ನಿಸ್ಲೆ ಎಂಬ ಜರ್ಮನ್ ವೈದ್ಯನು ಗಮನಿಸಿ, 1917ರಲ್ಲಿ ಅವನ ಮಲದಿಂದ ಇ. ಕೋಲಿಯ ಒಂದು ತಳಿಯನ್ನು ಬೇರ್ಪಡಿಸಿದನು. ಆ ತಳಿಯು ಇಂದಿಗೂ ಜರ್ಮನಿಯಲ್ಲಿ ಔಷಧವಾಗಿ ಬಳಕೆಯಲ್ಲಿದೆ.

ಈ ಸಂಪತ್ತು ಮಗುವಿಗೆ ಬರುವುದು ಎಲ್ಲಿಂದ? ತಾಯಿಯಿಂದ. ಕಾಸಿ ಆರಿಸಿದ ಹಾಲಿಗೆ ನೆನ್ನೆಯ ಮೊಸರಿನ ಹೆಪ್ಪು ಬೀಳುವಂತೆ, ಹುಟ್ಟುವ ಗಳಿಗೆಯಲ್ಲಿ ಕೂಸಿನ ಕರುಳಿಗೆ ತಾಯಿಯ ಜೀವಿಗಳು ಬೀಳುತ್ತವೆ. ಆ ಮೇಲೆ ಅವನ್ನು ಪೋಷಿಸುವುದು ಎದೆಹಾಲು. ತಾಯಿಯ ಹಾಲಿನಲ್ಲಿ ಲ್ಯಾಕ್ಟೋಸ್ ಸಕ್ಕರೆಯನ್ನೂ ಕೊಬ್ಬನ್ನೂ ಬಿಟ್ಟರೆ ಘನಾಂಶದಲ್ಲಿ ಮೂರನೆಯ ಸ್ಥಾನವು ಆಲಿಗೋಸ್ಯಾಕರೈಡುಗಳೆಂಬ ವಿಶೇಷ ಸಕ್ಕರೆಗಳದು. ಆಶ್ಚರ್ಯವೆಂದರೆ ಇವನ್ನು ಕೂಸು ಜೀರ್ಣಿಸಲಾರದು. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಹೆನ್ರಿ ಟಿಸಿಯೆ ಎಂಬಾತನು 1900ರ ಸುಮಾರಿಗೆ ಎದೆಹಾಲುಣ್ಣುವ ಶಿಶುಗಳಲ್ಲಿ ಕಂಡುಹಿಡಿದ ಬೈಫಿಡೊಬ್ಯಾಕ್ಟೀರಿಯಗಳಿಗಾಗಿಯೇ ತಾಯ ದೇಹವು ಆ ಸಕ್ಕರೆಯನ್ನು ತಯಾರಿಸುತ್ತದೆಯೆಂಬಷ್ಟು ಮಟ್ಟಿಗೆ ಆ ಜೀವಿಗಳು ಅದರ ಮೇಲೆ ಬಾಳುತ್ತವೆ. ಕೂಸಿಗೂ ಕೂಸಿನೊಳಗಣ ಜೀವಿಗಳಿಗೂ ಒಂದೇ ಎದೆಯಿಂದ ಎರಡು ಬಗೆಯ ಆಹಾರವನ್ನು ಒದಗಿಸುವ ಈ ವ್ಯವಸ್ಥೆಯನ್ನು ಚಿಂತಿಸಿದಾಗ ನನಗೆ ಕೈಮುಗಿಯಬೇಕೆನ್ನಿಸುತ್ತದೆ.

ಇಲ್ಲಿ ದುಡಿಯುವ ತಾಯಂದಿರ ಕಷ್ಟವನ್ನು ನಾನು ಬಲ್ಲೆ. ಖಾಸಗಿ ವಲಯದಲ್ಲಿ ಹೆರಿಗೆಯ ರಜೆಯು 60 ದಿನ. ಅದರಲ್ಲಿ 45 ದಿನ ಪೂರ್ಣ ವೇತನ, 15 ದಿನ ಅರ್ಧ ವೇತನ. ಊರಿನಿಂದ ಬಂದ ಅಮ್ಮನೋ ಅತ್ತೆಯೋ ವೀಸಾದ ಅವಧಿ ಮುಗಿದು ಹಿಂದಿರುಗಿದ ಮೇಲೆ, ಎಳೆಗೂಸನ್ನು ಇತರರ ಕೈಯಲ್ಲಿಟ್ಟು ಕಚೇರಿಗೆ ಹೊರಡುವಾಗ ಡಬ್ಬಿಯ ಹಾಲು ಅನಿವಾರ್ಯವಾಗುತ್ತದೆ. ಹಾಗಾದ ತಾಯಿಯನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಹೆರಿಗೆಯ ಬಳಿಕ ಆರು ತಿಂಗಳ ತನಕ ದಿನಕ್ಕೆ ಒಂದು ಗಂಟೆಯವರೆಗೆ, ಒಂದೇ ಸಲಕ್ಕಾಗಲಿ ಎರಡು ಸಲಕ್ಕಾಗಲಿ, ಹಾಲೂಡಿಸಲು ಬಿಡುವು ಕೊಡಬೇಕೆಂದು ಈ ದೇಶದ ಕಾರ್ಮಿಕ ಕಾನೂನೇ ವಿಧಿಸಿದೆ. ಅದನ್ನು ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ತಂದೆಯವರೇ, ಹೆಂಡತಿಯು ಕೇಳಲು ಹಿಂಜರಿದರೆ ಆಕೆಗೆ ಧೈರ್ಯ ಹೇಳುವುದೂ ಆ ಗಂಟೆಯಲ್ಲಿ ಕೂಸು ತಾಯಿಯ ಬಳಿ ಇರುವಂತೆ ಏರ್ಪಾಡು ಮಾಡುವುದೂ ನಿಮ್ಮ ಕೆಲಸ. ಶಸ್ತ್ರಕ್ರಿಯೆಯಿಂದ ಹೆತ್ತ ತಾಯಂದಿರೂ ಎದೆಗುಂದಬಾರದು. ಸಹಜವಾಗಿ ಹುಟ್ಟಿದ ಮಕ್ಕಳಿಗೂ ಅಂಥ ಕೂಸುಗಳಿಗೂ ಕರುಳಿನ ಜೀವಿಗಳಲ್ಲಿ ಮೊದಮೊದಲು ವ್ಯತ್ಯಾಸವಿರುವುದು ನಿಜ. ಅದು ತಿಂಗಳುಗಳು ಉರುಳಿದಂತೆ ಬಹಳಮಟ್ಟಿಗೆ ಕುಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಹೇಳುವಂತೆ ಆರು ತಿಂಗಳು ಎದೆಹಾಲೊಂದನ್ನೇ, ಆ ಬಳಿಕ ಇತರ ಆಹಾರದೊಡನೆ ಎರಡು ವರ್ಷ ಮತ್ತು ಅದಕ್ಕೂ ಮೀರಿ ಎದೆಹಾಲನ್ನು ಕೊಡಲು ಸಾಧ್ಯವಾದಷ್ಟು ಯತ್ನಿಸಿರಿ. ಪೂರ್ಣವಾಗಿ ಆಗದಿದ್ದರೆ ಆದಷ್ಟೂ ಲಾಭವೇ.

ಈಗ ಊರು ಬಿಟ್ಟು ಬಂದವರ ವಿಷಯಕ್ಕೆ ಬರುತ್ತೇನೆ. ಆಗ್ನೇಯ ಏಷ್ಯದಿಂದ ಅಮೆರಿಕದ ಮಿನ್ನೆಸೋಟಾ ರಾಜ್ಯಕ್ಕೆ ವಲಸೆ ಹೋದ ಹ್ಮಾಂಗ್ ಮತ್ತು ಕರೆನ್ ಜನಾಂಗಗಳ ಸ್ತ್ರೀಯರನ್ನೂ, ಥಾಯ್ಲೆಂಡಿನಲ್ಲಿಯೇ ಉಳಿದಿದ್ದ ಅವರ ಜನರನ್ನೂ, ಅಮೆರಿಕದಲ್ಲಿಯೇ ಹುಟ್ಟಿದ ವಲಸಿಗರ ಹೆಣ್ಣುಮಕ್ಕಳನ್ನೂ ಹೋಲಿಸಿ ಅಲ್ಲಿನ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹೊಸ ದೇಶಕ್ಕೆ ಕಾಲಿಟ್ಟ ಆರರಿಂದ ಒಂಬತ್ತು ತಿಂಗಳುಗಳೊಳಗಾಗಿಯೇ ಅವರ ಕರುಳಿನ ಜೀವಿಗಳು ಮಾರ್ಪಡತೊಡಗಿ, ಸಸ್ಯಗಳ ನಾರನ್ನು ಜೀರ್ಣಿಸುವ ತಳಿಗಳು ಒಂದೊಂದಾಗಿ ಕಳೆದುಹೋಗುತ್ತ, ಕಾಲ ಕಳೆದಂತೆ ಆ ನಷ್ಟವು ಹೆಚ್ಚುತ್ತ, ಅವರ ಮಕ್ಕಳಲ್ಲಿ ಅದು ಇನ್ನೂ ತೀವ್ರವಾಗಿದ್ದುದು ಅಲ್ಲಿ ಕಂಡುಬಂದಿತು. ಬೊಜ್ಜು ಬೆಳೆದವರಲ್ಲಿ ನಷ್ಟವು ಮತ್ತಷ್ಟು ಹೆಚ್ಚಾಗಿತ್ತು. ಇದು ಕನ್ನಡಿಗರನ್ನು ಪರೀಕ್ಷಿಸಿ ಹೇಳಿದುದಲ್ಲ, ನಿಜ. ಆದರೆ ಅನ್ನ, ಸೊಪ್ಪು, ಕಾಳುಗಳನ್ನು ಉಣ್ಣುತ್ತಿದ್ದ ಏಷ್ಯದ ಹಳ್ಳಿಗರು ಅಂಗಡಿಯ ಪೊಟ್ಟಣಗಳ ಆಹಾರವಿರುವ ನಾಡಿಗೆ ಬಂದಾಗ ಏನಾಯಿತೆಂಬುದನ್ನು ಓದುವಾಗ, ಈ ಎರಡು ನಗರಗಳ ನಮ್ಮ ಮಕ್ಕಳ ತಿಂಡಿಯ ಡಬ್ಬಿಗಳು ನನ್ನ ಕಣ್ಣ ಮುಂದೆ ಬಂದವು.

ಆ ಡಬ್ಬಿಗಳಲ್ಲಿ ನಾನು ಕಂಡುದು ಏನು? ಬಿಳಿಯ ಬ್ರೆಡ್ಡು, ಹುರಿದ ಕೋಳಿಯ ತುಂಡುಗಳು, ನೂಡಲ್ಸು, ಬಿಸ್ಕತ್ತು, ಬಣ್ಣದ ಪಾನೀಯ. ಸಂಜೆಗೆ ಕೆಫೆಟೇರಿಯಾದಿಂದ ಕಟ್ಟಿಸಿ ತಂದ ಪೊರೋಟ ಇಲ್ಲವೆ ಷವರ್ಮ. ಈ ದೇಶದ ಸರ್ಕಾರವು 2017ರ ಅಕ್ಟೋಬರಿನಲ್ಲಿಯೇ ಸೋಡಾ ಪಾನೀಯಗಳ ಮೇಲೆ ಶೇಕಡ 50, ಎನರ್ಜಿ ಡ್ರಿಂಕುಗಳ ಮೇಲೆ ಶೇಕಡ 100 ಸುಂಕವನ್ನು ವಿಧಿಸಿ, ಮುಂದೆ ಸಕ್ಕರೆ ಬೆರೆತ ಇತರ ಪಾನೀಯಗಳಿಗೂ ಅದನ್ನು ವಿಸ್ತರಿಸಿ ಎಚ್ಚರಿಕೆಯನ್ನು ಕೊಟ್ಟಿತು. ಆ ಎಚ್ಚರಿಕೆಯನ್ನು ನಾವು ಬೆಲೆಯೇರಿಕೆಯೆಂದು ಮಾತ್ರ ತಿಳಿದರೆ ನಮಗೇ ಹಾನಿ. ಕಚೇರಿಯಿಂದ ಶೇಖ್ ಜಾಯೆದ್ ರಸ್ತೆಯ ವಾಹನಗಳ ಸಾಲಿನಲ್ಲಿ ನುಗ್ಗಾಗಿ ಮನೆಗೆ ಬಂದವರಿಗೆ ಬಸಳೆ ಸೋಸಲು ವ್ಯವಧಾನವೆಲ್ಲಿ ಎಂದು ನೀವು ಕೇಳಬಹುದು. ಆ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದುದರಿಂದ ನಿತ್ಯವೂ ಆಗುವಂಥದನ್ನೇ ಹೇಳುತ್ತೇನೆ.

ರಾತ್ರಿ ಮಲಗುವ ಮುನ್ನ ಒಂದು ಹಿಡಿ ಕಾಳು ನೆನೆಹಾಕುವುದಕ್ಕೆ ಒಂದು ನಿಮಿಷ ಸಾಕು. ಅದು ಹೆಸರುಕಾಳಾಗಲಿ, ಅಲಸಂದೆಯಾಗಲಿ, ಕಡಲೆಯಾಗಲಿ, ಉತ್ತರ ಕರ್ನಾಟಕದವರ ಮಡಿಕೆಕಾಳಾಗಲಿ, ಕರಾವಳಿಯವರ ಹುರುಳಿಯಾಗಲಿ, ದಿನಕ್ಕೊಂದು ಬಗೆಯಾಗಿ ಬದಲಾಗಲಿ. ಏಕೆಂದರೆ ಒಂದೊಂದು ತಳಿಯ ಜೀವಿಗೆ ಒಂದೊಂದು ಬಗೆಯ ನಾರು ಇಷ್ಟ, ಬಗೆ ಹೆಚ್ಚಿದಷ್ಟೂ ಬದುಕುಳಿಯುವ ತಳಿಗಳೂ ಹೆಚ್ಚು. ಕುಚ್ಚಲಕ್ಕಿಯೂ ರಾಗಿಹಿಟ್ಟೂ ಜೋಳದ ಹಿಟ್ಟೂ ತೊಂಡೆಕಾಯಿಯೂ ನುಗ್ಗೆಯೂ ಬಾಳೆಹೂವೂ ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ದೊರೆಯುತ್ತವೆಂಬುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ವಯಸ್ಕರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿಗಳೂ 25 ಗ್ರಾಂ ನಾರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸೂಚಿಸಿದೆ. ಅನ್ನ, ಸಾರು, ಒಂದು ಪಲ್ಯ, ಒಂದು ಕೋಸಂಬರಿ ಇರುವ ನಮ್ಮ ಹಳೆಯ ಊಟದ ಕ್ರಮಕ್ಕೆ ಇದು ಅಸಾಧ್ಯವಾದುದಲ್ಲ. ಊರಿನ ಆಹಾರವೇ ಆಗಬೇಕೆಂಬ ಹಟವೂ ನನಗಿಲ್ಲ. ನಾವು ಬಾಳುತ್ತಿರುವ ನಾಡಿನ ಖರ್ಜೂರವೂ, ಅರಬರ ಹಮ್ಮುಸ್, ಫೂಲ್, ಬೇಳೆಯ ಶೋರ್ಬಾಗಳೂ ಈ ಜೀವಿಗಳಿಗೆ ಮೃಷ್ಟಾನ್ನವೇ. ಬಾಂಗ್ಲಾದೇಶದಲ್ಲಿ ಅಪೌಷ್ಟಿಕತೆಯಿಂದ ಕೃಶರಾದ ಮಕ್ಕಳ ಕರುಳಿನ ಜೀವಿಗಳನ್ನು ಚೇತರಿಸುವ ಆಹಾರವೊಂದನ್ನು ವಿಜ್ಞಾನಿಗಳು ರಚಿಸಿ 2021ರಲ್ಲಿ ಅದರ ಫಲವನ್ನು ಪ್ರಕಟಿಸಿದಾಗ, ಅದರಲ್ಲಿದ್ದ ಮುಖ್ಯ ಪದಾರ್ಥಗಳು ಕಡಲೆ, ನೆಲಗಡಲೆ, ಸೋಯಾ, ಬಾಳೆಕಾಯಿ ಇವೇ ಆಗಿದ್ದವು. ಈ ಸಾಮಾನ್ಯ ಪದಾರ್ಥಗಳ ಮುಂದೆ ನನಗೆ ದುಬಾರಿ ಡಬ್ಬಿಗಳ ಮೇಲೆ ವಿಶ್ವಾಸ ಮೂಡುವುದಿಲ್ಲ.

ಮೊಸರು ಮಜ್ಜಿಗೆಗಳ ವಿಷಯದಲ್ಲಿ ಉತ್ಪ್ರೇಕ್ಷೆಯಿಲ್ಲದ ಮಾತು ಬೇಕು. 1908ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಎಲೀ ಮೆಚ್ನಿಕಾಫ್ ಎಂಬ ಮಹಾವಿಜ್ಞಾನಿಯು ಹುಳಿಹಾಲು ಕುಡಿಯುವುದೇ ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಕಾರಣವೆಂದು ನಂಬಿದ್ದನು. ಅಷ್ಟು ದೊಡ್ಡ ಫಲವನ್ನು ವಿಜ್ಞಾನವು ಇಂದಿಗೂ ಸಿದ್ಧಪಡಿಸಿಲ್ಲ. ಆದರೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 36 ಜನ ವಯಸ್ಕರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಸರು ಮೊದಲಾದ ಹುದುಗಿದ ಆಹಾರವನ್ನು ಹತ್ತು ವಾರ ಯಥೇಚ್ಛವಾಗಿ ಸೇವಿಸಿದವರಲ್ಲಿ ಕರುಳಿನ ಜೀವಿಗಳ ವೈವಿಧ್ಯವು ಹೆಚ್ಚಿ, ಉರಿಯೂತವನ್ನು ಸೂಚಿಸುವ ಹಲವು ಅಂಶಗಳು ರಕ್ತದಲ್ಲಿ ತಗ್ಗಿದುವು. ಇಡ್ಲಿ ದೋಸೆಗಳ ಹಿಟ್ಟು ಹುಳಿಬರುವುದು ಲ್ಯುಕೊನಾಸ್ಟಾಕ್ ಮೊದಲಾದ ಜೀವಿಗಳಿಂದಲೇ ಆದರೂ, ಉಗಿಯಲ್ಲಿಯೂ ಕಾವಲಿಯ ಮೇಲೆಯೂ ಅವು ಸತ್ತುಹೋಗುತ್ತವೆ. ಹುಳಿಬಂದುದರಿಂದ ಹಿಟ್ಟು ಸುಲಭವಾಗಿ ಜೀರ್ಣವಾಗುವುದು ನಿಜ, ಜೀವಂತ ಬ್ಯಾಕ್ಟೀರಿಯ ಮಾತ್ರ ಅದರಲ್ಲಿ ಉಳಿಯದು. ಜೀವವುಳಿದಿರುವುದು ಕುದಿಸದ ಮಜ್ಜಿಗೆಯಲ್ಲಿ, ಮೊಸರನ್ನದಲ್ಲಿ, ಒಂದೆಲಗದ ಅಥವಾ ಶುಂಠಿಯ ತಂಬುಳಿಯಲ್ಲಿ, ವಿನೆಗರ್ ಬೆರೆಸದೆ ಉಪ್ಪುನೀರಿನಲ್ಲಿಯೇ ಹುದುಗಿಸಿದ ಮಿಡಿಯಲ್ಲಿ ಮತ್ತು ಉಪ್ಪುಸೊಳೆಯಲ್ಲಿ. ಕುಬ್ಬೂಸ್ ಮತ್ತು ಲಬನ್ ಇವೆರಡರಿಂದಲೇ ಎಷ್ಟೋ ರಾತ್ರಿಗಳನ್ನು ಕಳೆದ ನಮ್ಮ ಬ್ಯಾಚುಲರ್ ಮೆಸ್ಸುಗಳ ಹುಡುಗರು ತಿಳಿಯದೆಯೇ ಒಳ್ಳೆಯ ಪಾನೀಯವನ್ನು ಆರಿಸಿಕೊಂಡಿದ್ದರು. ತಂಪುಪೆಟ್ಟಿಗೆಯಲ್ಲಿಟ್ಟು ಮಾರುವ, ಕೆಲವೇ ದಿನಗಳ ಗಡುವುಳ್ಳ ತಾಜಾ ಲಬನ್ ನಮ್ಮ ಮಜ್ಜಿಗೆಯ ಸಹೋದರಿ. ಸಕ್ಕರೆಯನ್ನೂ ಹಣ್ಣಿನ ಪರಿಮಳವನ್ನೂ ಸೇರಿಸಿದವನ್ನು ಬಿಟ್ಟು ಸಾದಾ ಲಬನನ್ನೇ ಮಕ್ಕಳಿಗೆ ಕೊಡಿರಿ.

ಇದರೊಡನೆ ಒಂದು ಎಚ್ಚರಿಕೆ. ಊರಿನಲ್ಲಿ ಮಡಕೆಯಲ್ಲಿ ನೀರುಹೊಯ್ದಿಟ್ಟ ತಂಗಳನ್ನವನ್ನು ಉಂಡು ಬೆಳೆದವರು ನಾವು. ಆದರೆ ಈ ನಾಡಿನ ಜುಲೈ ಆಗಸ್ಟ್ ತಿಂಗಳ ಸೆಕೆಯಲ್ಲಿ ಬೆಂದ ಅನ್ನವನ್ನು ಹೊರಗೆ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಜೀವಿಯು ಅದರಲ್ಲಿ ಬೆಳೆದು ವಿಷವನ್ನುಂಟುಮಾಡುತ್ತದೆ, ಮತ್ತೆ ಬಿಸಿಮಾಡಿದರೂ ಆ ವಿಷವು ನಾಶವಾಗುವುದಿಲ್ಲ. ಎಳೆಯ ಮಕ್ಕಳಿಗೆ ಅಂಥ ಅನ್ನವನ್ನು ಕೊಡಬೇಡಿರಿ. ಉಪಕಾರಿ ಜೀವಿಗಳ ಹೆಸರಿನಲ್ಲಿ ಮಾರುವ ಮಾತ್ರೆಗಳನ್ನು ಕುರಿತೂ ದುಡುಕಬೇಡಿರಿ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳನ್ನೊಳಗೊಂಡ ಪ್ರಯೋಗದಲ್ಲಿ, ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಜೀವಿಯ ಒಂದು ತಳಿಯನ್ನು ಅದಕ್ಕೆ ತಕ್ಕ ಸಕ್ಕರೆಯೊಡನೆ ಏಳು ದಿನ ಕೊಟ್ಟುದರಿಂದ ನಂಜು ಮತ್ತು ಮರಣಗಳು ಶೇಕಡ 40ರಷ್ಟು ತಗ್ಗಿದುದು 2017ರಲ್ಲಿ ಪ್ರಕಟವಾಗಿ ಲೋಕದ ಕಣ್ಣು ತೆರೆಯಿತು. ಅದು ಒಂದು ನಿರ್ದಿಷ್ಟ ತಳಿ, ಪ್ರಯೋಗ ನಡೆಸಿದವರ ಕಣ್ಗಾವಲಿನಲ್ಲಿ, ಗರ್ಭದಲ್ಲಿ ಕನಿಷ್ಠ 35 ವಾರ ಕಳೆದು ಹುಟ್ಟಿ ಎದೆಹಾಲುಣ್ಣುತ್ತಿದ್ದ ಕೂಸುಗಳಿಗೆ ಕೊಟ್ಟುದು. ಅಂಗಡಿಯ ಯಾವುದೋ ಪುಡಿಗೂ ಅದಕ್ಕೂ ಸಂಬಂಧವಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಇಂಥವನ್ನು ಕೊಡುವುದು ಪ್ರಾಣಾಪಾಯಕರವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣಾಧಿಕಾರಿಗಳೇ 2023ರಲ್ಲಿ ಎಚ್ಚರಿಸಿದ್ದಾರೆ.

ಇನ್ನು ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ ವಿಷಯವನ್ನು ಹೇಳುತ್ತೇನೆ. ಪ್ರಯೋಗಶಾಲೆಯಲ್ಲಿ ರೋಗಿಯ ಬ್ಯಾಕ್ಟೀರಿಯವನ್ನು ತಟ್ಟೆಯ ತುಂಬ ಸವರಿ, ಒಂದೊಂದು ಆಂಟಿಬಯಾಟಿಕ್ಕಿನಲ್ಲಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಅದರ ಮೇಲೆ ಇಡುವ ಪದ್ಧತಿಯುಂಟು. ಔಷಧವು ಫಲಿಸುವಂತಿದ್ದರೆ ಬಿಲ್ಲೆಯ ಸುತ್ತಲೂ ಏನೂ ಬೆಳೆಯದ ಸ್ವಚ್ಛವಾದ ವೃತ್ತವೊಂದು ಮೂಡುತ್ತದೆ. ನಾನು ಸೇವೆಗೆ ಸೇರಿದ ಕಾಲದಲ್ಲಿ ಮಕ್ಕಳ ಮೂತ್ರದಿಂದ ಬಂದ ಇ. ಕೋಲಿಯ ತಟ್ಟೆಗಳಲ್ಲಿ ಆ ವೃತ್ತಗಳು ಅಗಲವಾಗಿ, ಬಿಲ್ಲೆಬಿಲ್ಲೆಗೂ ಇರುತ್ತಿದ್ದವು. ವರ್ಷಗಳು ಉರುಳಿದಂತೆ ಅವು ಕಿರಿದಾಗುತ್ತ, ಕೆಲವು ತಟ್ಟೆಗಳಲ್ಲಿ ಬಿಲ್ಲೆಯ ಅಂಚಿಗೇ ಜೀವಿಗಳು ಒತ್ತಿ ಬೆಳೆದು ನಿಂತುದನ್ನು ನಾನು ನೋಡಿದ್ದೇನೆ. ಬಾಯಲ್ಲಿ ಕೊಡುವ ಔಷಧಗಳು ಒಂದೂ ಫಲಿಸದೆ, ಹಾಲುಗಲ್ಲದ ಕೂಸುಗಳನ್ನು ಆಸ್ಪತ್ರೆಯಲ್ಲಿ ಮಲಗಿಸಿ ರಕ್ತನಾಳದ ಮೂಲಕ ಔಷಧವನ್ನು ಹರಿಸಬೇಕಾದ ಸಂದರ್ಭಗಳ ವರದಿಗಳಿಗೆ ಸಹಿ ಹಾಕುವಾಗ ಕೈ ಭಾರವಾಗುತ್ತಿತ್ತು. ಆ ಪ್ರತಿರೋಧವು ಹುಟ್ಟಿ ಬೆಳೆಯುವ ತಾಣಗಳಲ್ಲಿ ಮುಖ್ಯವಾದುದು ಕರುಳೇ. ಅನಾವಶ್ಯಕವಾಗಿ ನುಂಗಿದ ಪ್ರತಿಯೊಂದು ಗುಳಿಗೆಯೂ ಸಾಧುಗಳಾದ ತಳಿಗಳನ್ನು ಕೊಂದು, ಔಷಧಕ್ಕೆ ಬಗ್ಗದವುಗಳಿಗೆ ಎಡೆಮಾಡಿಕೊಡುತ್ತದೆ.

ಮೂರು ಪ್ರಬಲ ಆಂಟಿಬಯಾಟಿಕ್ಕುಗಳನ್ನು ಬರಿಯ ನಾಲ್ಕು ದಿನ ಸೇವಿಸಿದ 12 ಜನ ಆರೋಗ್ಯವಂತ ಯುವಕರ ಕರುಳನ್ನು ಡೆನ್ಮಾರ್ಕಿನ ವಿಜ್ಞಾನಿಗಳು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದೂವರೆ ತಿಂಗಳಿನಲ್ಲಿ ಅವರ ಜೀವಿಸಮುದಾಯವು ಬಹುಮಟ್ಟಿಗೆ ಚೇತರಿಸಿಕೊಂಡರೂ, ಮೊದಲು ಎಲ್ಲರಲ್ಲಿಯೂ ಇದ್ದ ಒಂಬತ್ತು ಜಾತಿಗಳು ಆರು ತಿಂಗಳ ಬಳಿಕವೂ ಹೆಚ್ಚಿನವರಲ್ಲಿ ಹಿಂದಿರುಗಿರಲಿಲ್ಲ. ಬೆಳೆದವರ ಗತಿಯೇ ಹೀಗಾದರೆ, ಇನ್ನೂ ನೆಲೆಗೊಳ್ಳುತ್ತಿರುವ ಕೂಸಿನ ಕರುಳನ್ನು ಎಷ್ಟು ಜೋಪಾನವಾಗಿ ನೋಡಿಕೊಳ್ಳಬೇಡ? ಆಂಟಿಬಯಾಟಿಕ್ಕಿನಿಂದ ಬರಿದಾದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸಿಲ್ ಎಂಬ ದುಷ್ಟಜೀವಿಯು ಪ್ರಬಲಿಸಿ ಮರಳಿ ಮರಳಿ ಭೇದಿಯನ್ನು ತಂದಾಗ, ಆರೋಗ್ಯವಂತರ ಮಲದಲ್ಲಿನ ಜೀವಿಗಳನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯು ಆಂಟಿಬಯಾಟಿಕ್ಕಿಗಿಂತಲೂ ಬಹಳ ಮೇಲೆಂದು ನೆದರ್ಲೆಂಡಿನ ವೈದ್ಯರು 2013ರಲ್ಲಿ ತೋರಿಸಿಕೊಟ್ಟರು. ನಾನು ತಟ್ಟೆಯೊಡನೆ ಎಸೆಯುತ್ತಿದ್ದುದೇ ಔಷಧವೆನಿಸಿದ ವಾರ್ತೆಯನ್ನು ಓದಿದ ದಿನ ನನಗೆ ಬಹುಹೊತ್ತು ಬೇರೆ ಕೆಲಸ ತೋಚಲಿಲ್ಲ.

ಆದುದರಿಂದ ನಿಮ್ಮಲ್ಲಿ ಕೈಮುಗಿದು ಬೇಡುತ್ತೇನೆ. ಮಗುವಿಗೆ ನೆಗಡಿ, ಕೆಮ್ಮು, ಜ್ವರ ಬಂದ ಮೊದಲನೆಯ ದಿನವೇ "ಡಾಕ್ಟರೇ, ಆಂಟಿಬಯಾಟಿಕ್ ಬರೆದುಕೊಡಿ" ಎಂದು ಒತ್ತಾಯಿಸಬೇಡಿರಿ. ನೆಗಡಿಯು ವೈರಸ್ಸಿನಿಂದ ಬರುವಂಥದು, ಸಿಂಬಳವು ಹಸಿರಾದ ಮಾತ್ರಕ್ಕೆ ಅದು ಬ್ಯಾಕ್ಟೀರಿಯದ ರೋಗವಾಗದು, ಆ ಔಷಧವು ವೈರಸ್ಸನ್ನು ಮುಟ್ಟಲಾರದು. ರಜೆ ದೊರೆಯದೆಂಬ, ಮರುದಿನ ಶಾಲೆಗೆ ಕಳುಹಿಸಲೇಬೇಕೆಂಬ ನಿಮ್ಮ ಇಕ್ಕಟ್ಟು ನನಗೆ ಅರ್ಥವಾಗುತ್ತದೆ. ಆದರೆ ಗುಳಿಗೆಯು ಆ ಒಂದು ದಿನವನ್ನೂ ಉಳಿಸಿಕೊಡುವುದಿಲ್ಲ. ವೈದ್ಯರು ಪರೀಕ್ಷಿಸಿ "ಬೇಡ" ಎಂದರೆ ಅವರಿಗೆ ಕೃತಜ್ಞರಾಗಿರಿ, ಬೇರೊಂದು ಕ್ಲಿನಿಕ್ಕಿಗೆ ಹೋಗಬೇಡಿರಿ. ಅವರು "ಬೇಕು" ಎಂದರೆ, ನ್ಯುಮೋನಿಯದಂಥ ರೋಗದಲ್ಲಿ ಅದೇ ಔಷಧವು ಪ್ರಾಣವನ್ನು ಉಳಿಸುತ್ತದೆಯಾದುದರಿಂದ, ಹೇಳಿದ ಪ್ರಮಾಣದಲ್ಲಿ ಹೇಳಿದಷ್ಟು ದಿನ ತಪ್ಪದೆ ಕೊಡಿರಿ. ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರುವುದನ್ನು ಇಲ್ಲಿನ ಕಾನೂನು ನಿಷೇಧಿಸಿದೆ. ಆ ಕಾನೂನನ್ನು ತಪ್ಪಿಸಿ ಊರಿನ ಮೆಡಿಕಲ್ ಶಾಪಿನಿಂದ ಪಟ್ಟಿಗಟ್ಟಲೆ ಗುಳಿಗೆಗಳನ್ನು ಸೂಟ್‌ಕೇಸಿನಲ್ಲಿ ತರುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿರಿ. ಅಂಥ ಪಟ್ಟಿಗಳು ಅಕ್ಕಪಕ್ಕದ ಮನೆಗಳಿಗೂ ಸ್ನೇಹಪೂರ್ವಕವಾಗಿ ಹಂಚಿಹೋಗುವುದನ್ನು ನಾನು ಬಲ್ಲೆ. ಆ ಸ್ನೇಹವನ್ನು ಮೊಸರಿನ ಹೆಪ್ಪು ಹಂಚುವುದರಲ್ಲಿ ತೋರಿದರೆ ಸಾಕು. ಭಾರತ ಸರ್ಕಾರವು 2016ರಿಂದ ಇಂಥ ಔಷಧಗಳ ಪಟ್ಟಿಯ ಮೇಲಿನ ಕೆಂಪುಗೆರೆಯನ್ನು ಗಮನಿಸಬೇಕೆಂದು ಜನರಿಗೆ ತಿಳಿಸಿಹೇಳುತ್ತಿದೆ. ಮನೆಯ ಪೆಟ್ಟಿಗೆಯಲ್ಲಿ ಅಂಥ ಆಂಟಿಬಯಾಟಿಕ್ ಪಟ್ಟಿಗಳು ಉಳಿದಿದ್ದರೆ ಇಂದೇ ಹೊರತೆಗೆದು, ವಿಲೇವಾರಿಯ ಬಗೆಯನ್ನು ಫಾರ್ಮಸಿಯವರಲ್ಲಿ ಕೇಳಿರಿ.

ಜುಲೈಯಲ್ಲಿ ಶಾಲೆಗಳು ಮುಚ್ಚಿದೊಡನೆ ನೀವೆಲ್ಲರೂ ಮಕ್ಕಳೊಡನೆ ಊರಿನ ಮಳೆಗಾಲಕ್ಕೆ ಹೊರಡುತ್ತೀರಿ. ಅಲ್ಲಿ ಮಗುವಿಗೆ ಭೇದಿಯಾದರೆ ಮೊದಲು ಬೇಕಾದುದು ಓಆರ್‌ಎಸ್ ದ್ರಾವಣ, ಅದರೊಡನೆ ವೈದ್ಯರು ಹೇಳಿದಂತೆ ಜಿಂಕ್, ಆಂಟಿಬಯಾಟಿಕ್ ಅಲ್ಲ. ಮಲದಲ್ಲಿ ರಕ್ತ ಕಂಡರೆ, ಜ್ವರವು ಏರಿದರೆ, ಮಗು ಮಂಕಾಗಿ ಮೂತ್ರವು ಕಡಿಮೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ಕೊನೆಯದಾಗಿ, ಈ ಪತ್ರವನ್ನು ಓದುವ ನಮ್ಮ ಕರ್ನಾಟಕ ಸಂಘಗಳ ಪದಾಧಿಕಾರಿಗಳಲ್ಲಿಯೂ ಒಂದು ವಿಜ್ಞಾಪನೆ. ಈ ನಾಡಿನ ಆಸ್ಪತ್ರೆಗಳಲ್ಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಭಾಷೆಗಳನ್ನು ಬಲ್ಲ ಮಕ್ಕಳ ವೈದ್ಯರು ಬೇಕಾದಷ್ಟು ಮಂದಿ ಇದ್ದಾರೆ. ಬೇಸಿಗೆಯ ರಜೆಗೆ ಮುನ್ನ ಒಂದು ಭಾನುವಾರ ಅಂಥವರಲ್ಲಿ ಇಬ್ಬರನ್ನೋ ಮೂವರನ್ನೋ ಆಹ್ವಾನಿಸಿ, ಹೊಸದಾಗಿ ತಾಯ್ತಂದೆಗಳಾದವರನ್ನೆಲ್ಲ ಕಲೆಹಾಕಿ, ಎದೆಹಾಲು, ಆಂಟಿಬಯಾಟಿಕ್, ಮಕ್ಕಳ ಆಹಾರ ಈ ಮೂರನ್ನು ಕುರಿತು ಅವರವರ ಮಾತಿನಲ್ಲಿಯೇ ಪ್ರಶ್ನೆ ಕೇಳುವ ಅವಕಾಶವನ್ನು ಕಲ್ಪಿಸಿರಿ. ರಾಜ್ಯೋತ್ಸವದ ಊಟದಲ್ಲಿ ಮಕ್ಕಳ ಎಲೆಗೆ ಸೋಡಾ ಬಾಟಲಿಯ ಬದಲಾಗಿ ಮಜ್ಜಿಗೆಯನ್ನು ಬಡಿಸಿರಿ. ಅಂಥ ಸಭೆಯು ಏರ್ಪಟ್ಟರೆ ಕುರ್ಚಿ ಜೋಡಿಸುವುದರಿಂದ ಹಿಡಿದು, ಬಿಲ್ಲೆಯ ತಟ್ಟೆಗಳ ಚಿತ್ರಗಳನ್ನು ತೋರಿಸಿ ವಿವರಿಸುವವರೆಗೆ ನನ್ನಿಂದ ಆಗುವ ಯಾವ ಸೇವೆಗೂ ನಾನು ಸಿದ್ಧನಿದ್ದೇನೆ.

ಇಂತು,
ನಿಮ್ಮ ಹಾಗೂ ನಿಮ್ಮ ಮಕ್ಕಳ ಶ್ರೇಯೋಭಿಲಾಷಿ,
ನಿವೃತ್ತ ಪ್ರಯೋಗಶಾಲಾ ತಂತ್ರಜ್ಞ,
ಅಬುಧಾಬಿ